ಸಾಯದ ಮುದುಕನ ಪಾರ್ಟು

ಮುದುಕನಾಗುವುದು ಹೇಗೆಂದು ಎಲ್ಲರಿಗೂ ಮುದುಕರಾದ ಮೇಲೆ ತಿಳಿಯುತ್ತದೆ. ನನಗೆ ಇಪ್ಪತ್ತೆರಡನೆಯ ವಯಸ್ಸಿಗೇ ತಿಳಿದಿತ್ತು. ತಿಕೋಟಾದಲ್ಲಿ ಗೆಳೆಯರೆಲ್ಲ ಕೂಡಿ ನಾಟಕ ಕಟ್ಟಿದಾಗ, ರಾಜನ ಪಾತ್ರಕ್ಕೆ ಇವನಿಗೆ ಮೈಯಿಲ್ಲ, ಹೆಣ್ಣಿನ ಪಾತ್ರಕ್ಕೆ ಮುಖವಿಲ್ಲ ಎಂದು ನನ್ನ ತಲೆಗೆ ಜೋಳದ ಹಿಟ್ಟು ಸುರಿದು ಕೈಗೊಂದು ಕೋಲು ಕೊಟ್ಟರು. ಕೆಮ್ಮು, ನಡುಗುವ ಕೈ, ಬಾಗಿದ ಬೆನ್ನು. ಕೊನೆಯ ಅಂಕದಲ್ಲಿ ಮಗನನ್ನು ಹತ್ತಿರ ಕರೆದು ನಾಲ್ಕು ಬುದ್ಧಿಮಾತು, ಒಂದು ಹಾಡು, ಆಮೇಲೆ ಸಾವು. ಪಾರ್ಟು ಅಷ್ಟೇ. ಮುಂದೆ ನಾನು ವಿಜಾಪುರದ ಒಂದು ಕಚೇರಿಯಲ್ಲಿ ಕಾರಕೂನನಾಗಿ ಗಾಂಧಿ ಚೌಕದ ಹಿಂದೆ ಮನೆ ಹಿಡಿದ ಮೇಲೂ ವರ್ಷಕ್ಕೊಂದೆರಡು ಸಲ ಊರಿನವರು ನನ್ನನ್ನು ಸಾಯಲು ಕರೆಸಿಕೊಳ್ಳುತ್ತಿದ್ದರು. ರಜೆಯ ಅರ್ಜಿಯಲ್ಲಿ ಮಾತ್ರ ‘ಮನೆಯ ಕೆಲಸ’ ಎಂದು ಬರೆಯುತ್ತಿದ್ದೆ.

ಹೀಗೆ ನಲವತ್ತು ಸಲವಾದರೂ ಸತ್ತ ಅನುಭವಸ್ಥ ನಾನು. ಆದರೆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದು ಕಚೇರಿಯ ಠಸ್ಸೆಗಳೆಲ್ಲ ಬದಲಾದ ಸುಮಾರಿಗೆ, ನಿವೃತ್ತಿಗೆ ಎಂಟು ತಿಂಗಳು ಉಳಿದಾಗ ಹೆದರಿಬಿಟ್ಟೆ. ತಲೆಗೆ ಹಿಟ್ಟಿನ ಅಗತ್ಯವಿರಲಿಲ್ಲ. ಚಹಾದ ಬಸಿ ಹಿಡಿದರೆ ಕೈ ನಡುಗುತ್ತಿತ್ತು. ಅದು ವಯಸ್ಸೋ ರೂಢಿಯೋ ನನಗೇ ತಿಳಿಯುತ್ತಿರಲಿಲ್ಲ. ಹೆಂಡತಿ ಗಂಗವ್ವ ಒಂದು ದಿನ ನೋಡಿ ನೋಡಿ ಸಾಕಾಗಿ, “ಮನ್ಯಾಗ ಯಾಕ ನಡಗಾಕತ್ತೀರಿ? ಇಲ್ಲಿ ಯಾರೂ ಚಪ್ಪಾಳಿ ಹೊಡ್ಯಾಂಗಿಲ್ಲ” ಎಂದಳು. ನಗು ಬರಲಿಲ್ಲ. ಮುದುಕನಾಗಲು ನನಗೆ ಗೊತ್ತಿದ್ದದ್ದು ಅದೊಂದೇ ದಾರಿ, ಅದರ ಕೊನೆ ಏನೆಂಬುದೂ ಬಾಯಿಪಾಠವಾಗಿತ್ತು. ಇನ್ನುಳಿದ ವರ್ಷಗಳನ್ನು ಮೂಲೆಯ ಹೊರಸಿನ ಮೇಲೆ ಕೆಮ್ಮುತ್ತ ಕಳೆಯಬೇಕೇ ಎಂದು ನಿಜವಾಗಿ ದಿಗಿಲಾಯಿತು.

ಅದಕ್ಕೇ ಒಂದು ಹೊಸ ನಾಟಕ ಬರೆಯಲು ಕೂತೆ. ಅದರಲ್ಲಿ ಮುದುಕ ಕೆಮ್ಮುವುದಿಲ್ಲ, ಕೋಲು ಹಿಡಿಯುವುದಿಲ್ಲ, ಯಾರಿಗೂ ಬುದ್ಧಿ ಹೇಳುವುದಿಲ್ಲ. ಅರವತ್ತಕ್ಕೆ ಸೈಕಲ್ ಕಲಿತು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಗೋಳಗುಮ್ಮಟಕ್ಕೆ ಹೋಗುತ್ತಾನೆ. ಮುಖ್ಯವಾಗಿ, ಸಾಯುವುದಿಲ್ಲ. ಓದಿ ತೋರಿಸಿದಾಗ ಗಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. “ಈ ಮುದಕ ನಮ್ಮನಿಗೂ ಬರ್ತಾನೇನ್ರಿ?” ಎಂದಳು. “ಎಂಟ ತಿಂಗಳ ತಡಿ” ಎಂದು ಮಾತು ಕೊಟ್ಟುಬಿಟ್ಟೆ. ಬರೆಯುವವರಿಗೆ ಮಾತು ಕೊಡುವುದು ಸಲೀಸು.

ತಕರಾರು ಬಂದದ್ದು ನಮ್ಮ ಪೇಟಿ ಮಾಸ್ತರ ಮೌಲಾಸಾಬನಿಂದ. ನನ್ನ ನಲವತ್ತು ಸಾವಿಗೂ ಹಾರ್ಮೋನಿಯಂ ಬಾರಿಸಿದವನು ಅವನೇ. “ಶಂಕ್ರಪ್ಪಣ್ಣಾ, ಮುದಕ ಸಾಯ್ಲಿಲ್ಲಂದ್ರ ನಾಟಕ ಮುಗೀತಂತ ಮಂದಿಗೆ ಹ್ಯಾಂಗ ತಿಳೀಬೇಕೋ?” ಎಂದ.

“ಪರದೆ ಬೀಳ್ತೈತಲ್ಲೋ.”

“ಪರದೆ ಬಿದ್ದದ್ದಕ್ಕ ಯಾರ ಅಳತಾರ?”

ಆದರೂ ಹಟ ಹಿಡಿದು ಬಬಲೇಶ್ವರದಲ್ಲಿ ನಾಟಕ ಇಟ್ಟೆವು. ಗಂಗವ್ವ ಹೊಸ ಇಳಕಲ್ ಸೀರೆ ಉಟ್ಟು ಹೆಣ್ಣುಮಕ್ಕಳ ಸಾಲಿನಲ್ಲಿ ಮುಂದೆಯೇ ಕೂತಿದ್ದಳು. ನಾನು ಎದೆ ಸೆಟೆಸಿ ರಂಗಕ್ಕೆ ಬಂದೆ. ಮುಂದಿದ್ದವನೊಬ್ಬ ಗಟ್ಟಿಯಾಗಿ, “ಇಂವ ಮಗ ಇರಬೇಕು. ಮುದಕ ಎಲ್ಲಿ ಹೋಗ್ಯಾನ?” ಎಂದು ಕೇಳಿದ. ಜನ ಮೂರು ಅಂಕ ತಾಳ್ಮೆಯಿಂದ ನನ್ನ ಕೆಮ್ಮಿಗಾಗಿ ಕಾದರು. ಕೊನೆಯ ದೃಶ್ಯದಲ್ಲಿ ಸೈಕಲ್ ಹತ್ತಲು ಕಾಲೆತ್ತಿದೆ, ಮೊಣಕಾಲು ಕೈಕೊಟ್ಟಿತು. ಸೈಕಲ್ ಸಮೇತ ನೆಲ ಕಂಡೆ.

ಎದ್ದು ಧೋತರ ಝಾಡಿಸಿ ಮತ್ತೆ ಹತ್ತಿದ್ದರೆ ಆಗುತ್ತಿತ್ತು. ಏಳುತ್ತಲೂ ಇದ್ದೆ. ಆದರೆ ಮುದುಕ ಬಿದ್ದದ್ದನ್ನು ಕಂಡ ಮೌಲಾಸಾಬನ ಬೆರಳುಗಳು ಮೂವತ್ತು ವರ್ಷದ ರೂಢಿಯಂತೆ ಸಾವಿನ ಧಾಟಿ ಹಿಡಿದುಬಿಟ್ಟವು. ಅದು ಕಿವಿಗೆ ಬಿದ್ದದ್ದೇ ತಡ, ನನ್ನ ಎದೆಯಿಂದ ತಾನಾಗಿ ಕೆಮ್ಮು ಬಂತು. ಕೈ ನಡುಗಿತು. “ಮಗನೇ, ಹತ್ತಿರ ಬಾ” ಎಂದೆ. ನಾಟಕದಲ್ಲಿ ಮಗನೇ ಇರಲಿಲ್ಲ; ಅಂಚೆಯವನ ಪಾರ್ಟಿನವ ಗಾಬರಿಯಾಗಿ ಓಡಿಬಂದು ತೊಡೆ ಕೊಟ್ಟ. ನಾಲ್ಕು ಬುದ್ಧಿಮಾತು ಹೇಳಿ, ಹಳೆಯ ಹಾಡು ಹಾಡಿ, ಸತ್ತೆ. ಜನ ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಎಲ್ಲ ಕಡೆಯಿಂದ “ವನ್ಸ್ ಮೋರ್!” ಎಂದು ಕೂಗೆದ್ದಿತು. ನಮ್ಮ ಕಡೆ ಹಾಗೆ ಕೂಗಿದರೆ ಸತ್ತವನೂ ಎದ್ದು ಹಾಡಲೇಬೇಕು. ಥಟ್ಟನೆ ಎದ್ದೆ. ಮೊಣಕಾಲು ನೋಯಲಿಲ್ಲ, ಯಾರ ಕೈಯೂ ಬೇಕಾಗಲಿಲ್ಲ. ಎದ್ದುನಿಂತು ಜನಕ್ಕೆ ಕೈಮುಗಿದು, ಗಂಟಲು ಸರಿಮಾಡಿಕೊಂಡು, ಮತ್ತೆ ಮಲಗಿ, ಮೊದಲಿಗಿಂತ ಚೆನ್ನಾಗಿ ಸತ್ತೆ.

“ಈಗ ಮುಗೀತ ನೋಡಪ್ಪಾ ನಾಟಕ” ಎಂದು ಮೌಲಾಸಾಬ ಕಣ್ಣೊರೆಸಿಕೊಂಡ.

ಮರುದಿನ ವಿಜಾಪುರದ ಬಸ್ಸಿನಲ್ಲಿ ಗಂಗವ್ವ ಕಿಟಕಿಯ ಪಕ್ಕ ಕೂತಿದ್ದಳು. ಊರು ಹತ್ತಿರವಾದಾಗ ನನ್ನ ಕಡೆ ತಿರುಗದೆಯೇ ಹೇಳಿದಳು: “ನಡುವ ಒಮ್ಮೆ ಎದ್ರಲ್ಲಾ, ಭಾಳ ಚಂದ ಎದ್ರಿ. ನಾ ಖರೇನ ಎದ್ರಂತ ತಿಳದಿದ್ದೆ.”

ಬಸ್ಸಿನಿಂದ ಇಳಿಯುವಾಗ ಅವಳು ಮೊದಲು ಇಳಿದು ನನ್ನತ್ತ ಕೈ ಚಾಚಿದಳು. ನನಗೆ ಬೇಕಾಗಿರಲಿಲ್ಲ. ಹಿಡಿದುಕೊಂಡೆ.