ಪುಟಕ್ಕೊಂದು ಗುರುತು

ನಮ್ಮ ಸೋದರಮಾವನಿಗೆ ಪುಸ್ತಕ ಕೊಟ್ಟರೆ ವಾಪಸ್ಸು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅದು ಶುದ್ಧ ಅಪಪ್ರಚಾರ. ಪುಸ್ತಕ ಖಂಡಿತ ಬರುತ್ತದೆ, ಹೇಳಿದ ದಿನಕ್ಕಿಂತ ಮೊದಲೇ ಬರುತ್ತದೆ. ಬಂದದ್ದು ನೀವು ಕೊಟ್ಟ ಪುಸ್ತಕವೇ ಎಂದು ಪತ್ತೆ ಹಚ್ಚುವುದು ಮಾತ್ರ ನಿಮ್ಮ ಹಣೆಬರಹ. ಹೋಗುವಾಗ ಅದಕ್ಕೆ ಒಬ್ಬರೇ ಲೇಖಕರಿದ್ದರು, ಬರುವಾಗ ಇಬ್ಬರಿರುತ್ತಾರೆ. ಎರಡನೆಯವರು ಮೊದಲನೆಯವರನ್ನು ಪುಟಪುಟದಲ್ಲೂ ತರಾಟೆಗೆ ತೆಗೆದುಕೊಂಡಿರುತ್ತಾರೆ.

ಮಾವ ನನ್ನ ಅಮ್ಮನ ತಮ್ಮ. ಕೆ. ಹೊಸಕೋಟೆಯಿಂದಾಚೆ ಅವರದೊಂದು ಸಣ್ಣ ಕಾಫಿ ತೋಟ. ಸುಣ್ಣದ ಡಬ್ಬಿ, ಬಟ್ಟೆಚೂರು ಇಲ್ಲದೆ ಅವರು ತೋಟಕ್ಕೆ ಇಳಿದವರಲ್ಲ. ಬೋರರ್ ಹುಳ ಬಿದ್ದ ಗಿಡಕ್ಕೆ ಸುಣ್ಣದ ಗೀಟು ಎಳೆದರೆ ಆಳುಗಳು ಅದನ್ನು ಕಿತ್ತು ಸುಡುತ್ತಾರೆ. ಬೀಜಕ್ಕೆಂದು ಬಿಟ್ಟ ಒಳ್ಳೆಯ ಗಿಡಕ್ಕೆ ಬಟ್ಟೆಚೂರು ಕಟ್ಟಿದರೆ ಕೊಯ್ಲಿನವರು ಅದರ ಹಣ್ಣಿಗೆ ಕೈ ಹಾಕುವುದಿಲ್ಲ. ಈ ಬಟ್ಟೆಚೂರಿನ ಮಾತೆತ್ತಿದರೆ ಅತ್ತೆಗೆ ಈಗಲೂ ಮೈ ಉರಿಯುತ್ತದೆ. "ನಮ್ಮಪ್ಪ ಕೊಡಿಸಿದ್ದ ಕೆಂಪು ಸೀರೆ ಕಣೆ. ಒಂದ್ ಸಲ ಉಟ್ಟಿದ್ದೆ. ಈಗ ನೋಡು, ನಮ್ಮನೇಲಿ ನನಗಿಂತ ಕಾಫಿ ಗಿಡಗಳೇ ಚೆನ್ನಾಗ್ ಉಟ್ಕೊಂಡವೆ" ಎನ್ನುತ್ತಾರೆ.

ಗಿಡಗಳಿಗೆ ಗುರುತು ಹಾಕಿ ಹಾಕಿ ಅಂಟಿದ ಚಾಳಿಯೋ ಏನೋ, ಮಾವನಿಗೆ ಗುರುತು ಹಾಕದೆ ಏನನ್ನೂ ಓದಲು ಬರುವುದಿಲ್ಲ. ಪುಟದ ನಡುವೆ ಕಾಫಿ ಎಲೆ, ಊದುಕಡ್ಡಿ, ಆಲೂರಿನ ಬಸ್ ಟಿಕೆಟ್, ಅತ್ತೆಯ ಬಾಚಣಿಗೆ, ಯಾವುದು ಸಿಕ್ಕಿದರೆ ಅದು. ನಾನು ಕೊಟ್ಟ ಒಂದು ಕಾದಂಬರಿಯಲ್ಲಿ ಅರ್ಧ ನಿಪ್ಪಟ್ಟು ಸಿಕ್ಕಿತು, ಇರುವೆಗಳ ಸಮೇತ. ಕೇಳಿದ್ದಕ್ಕೆ, "ಅಲ್ಲಿಗ್ ಬರೋ ಹೊತ್ಗೆ ಹಸಿವು ಹೋಗ್ಬುಡ್ತು ಕಣಮ್ಮ, ಅಷ್ಟ್ ಚೆನ್ನಾಗೈತೆ" ಎಂದರು. ಲೇಖಕರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾರು ಕೊಟ್ಟಾರು?

ಅಂಚಿನ ಬರಹದ್ದು ಇನ್ನೊಂದು ಕಥೆ. ಗ್ರಂಥಾಲಯದ ಪತ್ತೇದಾರಿ ಕಾದಂಬರಿಯೊಂದನ್ನು ಕೊನೆಯವರೆಗೂ ಓದಿ, ಮತ್ತೆ ಹಿಂದಕ್ಕೆ ಬಂದು, ಅಡುಗೆಯವನು ಮೊದಲ ಸಲ ಕಾಫಿ ಲೋಟ ಹಿಡಿದು ಬರುವ ಜಾಗದಲ್ಲಿ 'ಇವನೇ ಕೊಲೆ ಮಾಡಿದ್ದು' ಎಂದು ಬರೆದಿಟ್ಟಿದ್ದರು. ಮುಂದೆ ಓದುವವರು ಸುಮ್ಮನೆ ಕಷ್ಟಪಡಬಾರದಲ್ಲ! ಆಮೇಲೆ ನಾನು ಗ್ರಂಥಾಲಯಕ್ಕೆ ಹೋದಾಗಲೆಲ್ಲ ಅಲ್ಲಿನವರು ಚೆಕ್‌ಪೋಸ್ಟಿನವರ ಹಾಗೆ ಕೇಳತೊಡಗಿದರು. "ಟೀಚರೇ, ಇದು ನಿಮಗಾ, ನಿಮ್ಮ ಮಾವಂಗಾ?" ನನಗೇ ಎಂದು ಆಣೆ ಮಾಡಿ ಪುಸ್ತಕ ತರುವ ಗತಿ ಬಂತು.

ಪುಸ್ತಕ ಸಿಗದಿದ್ದರೆ ಸುಮ್ಮನಿರುತ್ತಿದ್ದರೇ? ಮನೆಗೆ ಬಂದ ಮದುವೆ ಪತ್ರಿಕೆಗಳಿಗೆ ಕೈಯಿಟ್ಟರು. 'ತಮ್ಮ ಆಗಮನವೇ ನಮಗೆ ಉಡುಗೊರೆ' ಎಂಬ ಸಾಲಿನ ಕೆಳಗೆ ಗೀಟೆಳೆದು, ಪಕ್ಕದಲ್ಲಿ 'ನೋಡೋಣ' ಎಂದು ಬರೆದರು. ಅಷ್ಟಾದರೆ ಪರವಾಗಿಲ್ಲ. ಆ ಪತ್ರಿಕೆಯನ್ನೇ ಹಿಡಿದುಕೊಂಡು ಮದುವೆಗೆ ಹೊರಟು, ಛತ್ರದ ದಾರಿ ಕೇಳಲು ಎದುರು ಸಿಕ್ಕ ಹುಡುಗಿಯ ಅಪ್ಪನ ಕೈಗೇ ಕೊಟ್ಟುಬಿಟ್ಟರು. ಅವರು ಓದಿಕೊಂಡು ಬಹಳ ಗೌರವದಿಂದ ಕೊನೆಯ ಪಂಕ್ತಿಯಲ್ಲಿ ಕೂರಿಸಿದರಂತೆ.

ಹೀಗಿರುವಾಗ ಮಾವನ ಮನೆಗೆ ಕಂಪ್ಯೂಟರ್ ಬಂತು. ಕಾಫಿಗೆ ಒಳ್ಳೆಯ ಧಾರಣೆ ಬಂದ ವರ್ಷ ಬೇರೆಯವರು ಜೀಪು ಕೊಂಡರು, ನಮ್ಮ ಮಾವ ಇದನ್ನು ಕೊಂಡರು. ಜೊತೆಗೆ ಪುಸ್ತಕಗಳನ್ನು ತುಂಬಿಕೊಂಡ ಸೀಡಿಗಳು. ಹಾಸನದಿಂದ ಬಂದು ಜೋಡಿಸಿಕೊಟ್ಟವನು, ಪರದೆಯ ಮೇಲೆ ಪುಸ್ತಕ ತೆರೆದು, ಪುಟಕ್ಕೆ ಗುರುತು ಹಾಕುವುದು, ಸಾಲಿಗೆ ಬಣ್ಣ ಬಳಿಯುವುದು, ಪಕ್ಕದಲ್ಲಿ ಚೀಟಿ ಅಂಟಿಸಿದ ಹಾಗೆ ಟಿಪ್ಪಣಿ ಬರೆಯುವುದು, ಎಲ್ಲವನ್ನೂ ತೋರಿಸಿದ.

"ಇಷ್ಟೆಲ್ಲಾ ಗೀಚಿದ್ರೂ ಪುಸ್ತಕ ಹಾಳಾಗಲ್ವಾ?" ಎಂದರು ಮಾವ.

"ಇಲ್ಲ ಸರ್. ಬೇಡ ಅಂದ್ರೆ ಅಳಿಸಬೋದು."

"ಅಳಿಸೋದ್ಯಾಕೆ?" ಎಂದು ಮಾವ ಅವನನ್ನೇ ಅನುಮಾನದಿಂದ ನೋಡಿದರು.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಊರಿನ ಪುಸ್ತಕಗಳೆಲ್ಲ ಬಚಾವಾದವು ಎಂದು ನಾವು ನಿಟ್ಟುಸಿರು ಬಿಟ್ಟೆವು. ಗ್ರಂಥಾಲಯದವರು ಎಂದೂ ಇಲ್ಲದ್ದು ನನ್ನನ್ನು ಕೂರಿಸಿ ಟೀ ತರಿಸಿಕೊಟ್ಟರು.

ಮುಂದಿನ ಭಾನುವಾರ ಹೋಗಿ ನೋಡುತ್ತೇನೆ, ಕಾಫಿ ಬೇಸಾಯದ ಒಂದು ದಪ್ಪ ಪುಸ್ತಕದ ಪ್ರತಿ ಪುಟಕ್ಕೂ ಗುರುತು ಬಿದ್ದಿದೆ. ಒಂದೂ ಬಿಟ್ಟಿಲ್ಲ. ಎಡಗಡೆಯಲ್ಲಿ ಗುರುತುಗಳ ಸಾಲು ಪುಸ್ತಕದಷ್ಟೇ ಉದ್ದ ಇಳಿದಿದೆ.

"ಎಲ್ಲಾ ಪುಟಕ್ಕೂ ಗುರುತು ಹಾಕಿದ್ರೆ ಬೇಕಾದ್ದನ್ನ ಹುಡುಕೋದು ಹೇಗೆ ಮಾವ?"

"ಎಲ್ಲಾ ಬೇಕಾದ್ದೇ ಕಣಮ್ಮ. ಬೇಡದ್ದನ್ನ ನಾನ್ಯಾಕ್ ಓದ್ಲಿ?"

ಅಡುಗೆಮನೆಯಿಂದ ಅತ್ತೆ ಕೂಗಿದರು. "ತೋಟದಲ್ಲಿರೋ ಗಿಡಕ್ಕೆಲ್ಲಾ ಬಟ್ಟೆ ಕಟ್ಬುಟ್ರೆ ಕೊಯ್ಯೋರು ಏನ್ ಕೊಯ್ತಾರೆ ಅಂತ ಕೇಳು."

ಪ್ರತಿ ಗುರುತಿಗೂ ಒಂದು ಹೆಸರು ಕೊಡಬೇಕು ಎಂದು ಆ ಹಾಸನದವನು ಹೇಳಿಕೊಟ್ಟಿದ್ದನಂತೆ. ನಾವು ನೀವಾದರೆ ಅಧ್ಯಾಯದ ಹೆಸರು ಕೊಡುತ್ತೇವೆ. ಮಾವನ ಗುರುತುಗಳ ಹೆಸರು 'ಉಂಡು ಬಂದ ಮೇಲೆ', 'ಇವನಿಗೆ ತಲೆ ಇಲ್ಲ', 'ನಾಯಿ ಬೊಗಳ್ತು', ಹೀಗೆ. ಕೆಲವು ಪುಟಗಳಿಗೆ ಬರೀ 'ಕೂಗ್ತೈತೆ' ಎಂದಿತ್ತು. ಏನೆಂದು ತಲೆ ಕೆರೆದುಕೊಂಡೆ. ಕರೆಂಟ್ ಹೋದ ಕೂಡಲೇ ಯುಪಿಎಸ್ ಕುಂಯ್ ಕುಂಯ್ ಎಂದು ಬಡಿದುಕೊಳ್ಳುತ್ತದಲ್ಲ, ಅದು ಸಾಯುವುದರೊಳಗೆ ಹಾಕಿದ ಗುರುತುಗಳಂತೆ ಅವು! ಕನ್ನಡ ಕೀಲಿಮಣೆ ಅವರಿಗೆ ಒಗ್ಗಲಿಲ್ಲ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಬೆರಳಿನಿಂದ ಕುಟ್ಟುತ್ತಿದ್ದರು. ಹಾಗಾಗಿ ಮಾವನ ಬೈಗುಳಗಳಿಗೆಲ್ಲ ಒಂದು ಅಂತರರಾಷ್ಟ್ರೀಯ ಕಳೆ ಬಂದಿತ್ತು.

ಬಣ್ಣಗಳದ್ದೂ ಏನೋ ಲೆಕ್ಕಾಚಾರ ಇತ್ತು. ಹಳದಿ ಯಾವುದಕ್ಕೆ, ಹಸಿರು ಯಾವುದಕ್ಕೆ, ಕೆಂಪು ಯಾವುದಕ್ಕೆ ಎಂದು ಕೇಳಿದರೆ, "ತೋಟ ಮಾಡ್ದೋರಿಗೆ ತಾನಾಗೇ ಗೊತ್ತಾಗ್ತೈತೆ" ಎಂದು ಬಾಯಿ ಮುಚ್ಚಿಸಿದರು. ನಾನು ಆಲೂರಿನ ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಕೆಂಪಿನ ಅರ್ಥವನ್ನು ನನಗೆ ಇವರು ಹೇಳಿಕೊಡಬೇಕೇ ಎಂದುಕೊಂಡು ಸುಮ್ಮನಾದೆ.

ಅದಾದ ಮರುವರ್ಷ ಅಮ್ಮ ತೀರಿಕೊಂಡಳು.

ವರ್ಷದ ತಿಥಿಗೆ ಬಂದವರ ಕೈಗೆ ಅಮ್ಮನ ಬಗ್ಗೆ ಒಂದು ಪುಟ್ಟ ಪುಸ್ತಕ ಮಾಡಿ ಕೊಡಬೇಕೆಂದು ನನಗೆ ಆಸೆ. ಅಮ್ಮನ ಧ್ವನಿ ಎಲ್ಲೂ ರೆಕಾರ್ಡ್ ಆಗಿರಲಿಲ್ಲ, ಇದ್ದ ಫೋಟೋಗಳಲ್ಲೂ ಕಣ್ಣು ಮುಚ್ಚಿಕೊಂಡಿದ್ದಳು. ಮುಂದೆ ಅವಳು ಹೇಗಿದ್ದಳು ಎಂದು ಯಾರಿಗಾದರೂ ತಿಳಿಯಬೇಕಾದರೆ ಇದೊಂದೇ ದಾರಿ ಎಂದು ಶಾಲೆಯ ಕಂಪ್ಯೂಟರಿನಲ್ಲಿ ಕೂತು ಬರೆದೆ. ನಾನು ಬರೆದ ಮೇಲೆ ಕೇಳಬೇಕೇ? 'ತ್ಯಾಗಮಯಿ', 'ಕ್ಷಮಯಾ ಧರಿತ್ರಿ', 'ಮಮತೆಯ ಸಾಗರ' ಎಲ್ಲವೂ ಮೊದಲ ಪುಟದಲ್ಲೇ ಬಂದು ಕೂತವು. ನಡುನಡುವೆ ಅಮ್ಮ ಆಡುತ್ತಿದ್ದ ಮಾತುಗಳನ್ನು ಅವಳು ಆಡಿದ ಹಾಗೆಯೇ ಬರೆದಿದ್ದೆ. ಪ್ರೆಸ್ಸಿಗೆ ಕೊಡುವ ಮುಂಚೆ ಮಾವ ಒಮ್ಮೆ ನೋಡಲಿ ಎಂದು ಸೀಡಿಗೆ ಹಾಕಿ ಕಳಿಸಿದೆ.

ಸೀಡಿ ವಾಪಸ್ಸು ಬಂತು. 'ತ್ಯಾಗಮಯಿ' ಎಂಬಲ್ಲಿ ಮಾವನ ಟಿಪ್ಪಣಿ: 'ಯಾರು?' 'ಮೃದುಭಾಷಿಯಾಗಿದ್ದ ಅಮ್ಮ' ಎಂಬಲ್ಲಿ: 'ನಿಮ್ಮಮ್ಮನಾ? ಸೌದೆ ಹಿಡ್ಕೊಂಡು ಕೆರೆ ಏರಿ ತನಕ ನನ್ನ ಅಟ್ಟಿಸ್ಕೊಂಡು ಬಂದಿದ್ಲು.' 'ಮಮತೆಯ ಸಾಗರ'ದ ಪಕ್ಕದಲ್ಲಿ: 'ಅಕ್ಕ ಸಮುದ್ರ ನೋಡಿರ್ಲಿಲ್ಲ.' ಇವೆಲ್ಲ ನಿರೀಕ್ಷಿಸಿದ್ದೇ. ಆದರೆ ಒಳಗೆ ಹೋದಂತೆ ಅಲ್ಲಲ್ಲಿ ಸಾಲುಸಾಲಿಗೆ ದಟ್ಟವಾಗಿ ಕೆಂಪು ಬಳಿದಿತ್ತು. ಪಕ್ಕದಲ್ಲಿ ಒಂದೇ ಒಂದು ಅಕ್ಷರವಿಲ್ಲ!

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಟಿಪ್ಪಣಿ ಬರೆಯಲೂ ಲಾಯಕ್ಕಿಲ್ಲದಷ್ಟು ಕೆಟ್ಟದಾಗಿದೆಯೇ? ನೋಡಿದರೆ ಕೆಂಪು ಬಿದ್ದದ್ದೆಲ್ಲ ಅಮ್ಮನ ಮಾತುಗಳಿಗೇ. 'ಐತೆ', 'ಹೋಗ್ಬುಟ್ಟ' ಎಂಬ ಮನೆಮಾತು ನಾಲ್ಕು ಜನ ಓದುವ ಪುಸ್ತಕದಲ್ಲಿ ಬೇಡವೆಂದು ಮಾವನ ಅಭಿಪ್ರಾಯ ಇರಬೇಕು ಎಂದುಕೊಂಡೆ. ಮನೆಯೊಳಗೆ ಪಟಾಪಟಿ ಚಡ್ಡಿಯಲ್ಲಿ ಓಡಾಡುವ ಮನುಷ್ಯನಿಗೆ ಎಲ್ಲಿಂದ ಬಂತು ಈ ನಾಜೂಕು! ಸಿಟ್ಟಿನಲ್ಲಿ ಕೂತು ಕೆಂಪು ಬಿದ್ದದ್ದನ್ನೆಲ್ಲ ಕಿತ್ತುಹಾಕಿದೆ. ಬೇರೆ ಪ್ರತಿ ಇಟ್ಟುಕೊಳ್ಳುವ ಬುದ್ಧಿಯೂ ಬರಲಿಲ್ಲ. ತ್ಯಾಗಮಯಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ, ಅಷ್ಟು ಸ್ವಾಭಿಮಾನ ನನಗೂ ಇದೆ. ಸೀಡಿಯಲ್ಲಿದ್ದ ಹಳೆಯದನ್ನೂ ಅಳಿಸಿ, ನಯವಾದ ಆ ಹೊಸ ಪ್ರತಿಯನ್ನು ಅದಕ್ಕೇ ಹಾಕಿ ಕಳಿಸಿದೆ.

ಈ ಸಲ ಸೀಡಿ ಬರಲೇ ಇಲ್ಲ. ತಿಥಿ ಹತ್ತಿರ ಬಂತು, ಪ್ರೆಸ್ಸಿನವರ ಫೋನು ಶುರುವಾಯಿತು. ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಹೊರಟೆ. ಮಾವ ಅಂಗಳದಲ್ಲಿ ಕೂತು ಕೆಂಪು ಬಟ್ಟೆ ಹರಿಯುತ್ತಿದ್ದರು. ಬಂದೆಯಾ ಎಂದು ಕೇಳಲಿಲ್ಲ, ತಲೆ ಎತ್ತಲಿಲ್ಲ. ಒಳಗೆ ಹೋಗಿ ಕಂಪ್ಯೂಟರ್ ಹಾಕಿ ನೋಡಿದೆ. ಮೊದಲಿನಿಂದ ಕೊನೆಯವರೆಗೆ ಒಂದು ಬಣ್ಣವಿಲ್ಲ, ಒಂದು ಟಿಪ್ಪಣಿಯಿಲ್ಲ, ಒಂದು ಗುರುತಿಲ್ಲ. ಮದುವೆ ಪತ್ರಿಕೆಯನ್ನೂ ಬಿಡದ ಮನುಷ್ಯ ನನ್ನ ಪುಸ್ತಕಕ್ಕೆ ಕೈ ಇಟ್ಟಿಲ್ಲ! ನೂರಕ್ಕೆ ನೂರು ಬಂತಲ್ಲ ಎಂದು ನಾನು ಹಿಗ್ಗಿಹೋದೆ.

"ಅದನ್ನ ಓದ್ದಾಗಿಂದ ನಿಮ್ ಮಾವ ಸರಿಯಾಗ್ ಉಂಡಿಲ್ಲ ಕಣೆ. ಏನ್ ಬರೆದಿದ್ದೀಯ ಅಂಥದ್ದು?" ಎಂದರು ಅತ್ತೆ.

ನಾನು ಅಂಗಳಕ್ಕೆ ಬಂದೆ. "ಮಾವ, ಎಲ್ಲಾ ಸರಿಯಾಗಿದೆ ತಾನೆ? ಏನೂ ಗುರುತು ಹಾಕಿಲ್ಲ ನೀವು."

"ಏನಂತ ಹಾಕ್ಲಿ? ಬೀಜದ ಗಿಡನೆಲ್ಲಾ ಕಿತ್ತು ಬಿಸಾಕ್ಬುಟ್ಟಿದೀಯಲ್ಲ."

ಕೈಯಲ್ಲಿದ್ದ ಕೆಂಪು ಚೂರನ್ನು ನೋಡುತ್ತಲೇ ಹೇಳಿದರು.

"ಕೆಂಪು ಹಾಕಿದ್ರಲ್ಲ. ತಪ್ಪು ಅಂದ್ಕೊಂಡೆ."

"ತಪ್ಪಾದ್ರೆ ಬಾಯ್ ಮುಚ್ಕೊಂಡಿರ್ತಿದ್ನಾ ನಾನು? ನಾಕ್ ಮಾತು ಬರೀತಿರ್ಲಿಲ್ವಾ? ಅದು ಅಕ್ಕ ಮಾತಾಡೋ ಜಾಗ ಕಣಮ್ಮ. ಮುಟ್ಬೇಡ ಅಂತ ಕೆಂಪು ಹಾಕಿದ್ದು. ಈಗ ಓದು, ಅಕ್ಕ ಎಲ್ಲವ್ಳೆ ಅದ್ರಲ್ಲಿ? ಬಾಯೇ ಬಿಡಲ್ಲ. ಅವತ್ತು ಒಂದ್ ಸಲ ಹೋದ್ಲು. ಈಗ ನೀನು ಇನ್ನೊಂದ್ ಸಲ ಕಳಿಸ್ಬುಟ್ಟೆ."

ಮಾವ ಅಷ್ಟು ಹೇಳಿ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಅಮ್ಮನನ್ನು ಉಳಿಸಲು ಪುಸ್ತಕ ಬರೆದು, ಅಮ್ಮನನ್ನೇ ಅದರಿಂದ ಅಳಿಸಿದ್ದೆ. ನನ್ನ ಬಳಿ ಇನ್ನೊಂದು ಪ್ರತಿಯೂ ಇಲ್ಲವೆಂದು ಅಳುತ್ತಲೇ ಹೇಳಿದೆ.

"ನಂದು ಐತೆ" ಎಂದರು ಮಾವ. "ಅಳಿಸೋದ್ಯಾಕೆ ಅಂತ ಅವತ್ತೇ ಕೇಳಿರ್ಲಿಲ್ವಾ ಆ ಹಾಸನದವನ್ನ?"

ಇಬ್ಬರೂ ಕಂಪ್ಯೂಟರಿನ ಮುಂದೆ ಕೂತೆವು. ಮಾವನ ಹಳೆಯ ಪ್ರತಿಯಲ್ಲಿ ಕೆಂಪು ಬಳಿದ ಜಾಗಗಳನ್ನು ಅವರು ಗಟ್ಟಿಯಾಗಿ ಓದಿದರು, ನಾನು ಕಾಗದದ ಮೇಲೆ ಇಳಿಸಿಕೊಂಡೆ. ಓದಿದ್ದು ಅಮ್ಮನ ಹಾಗೆಯೇ, ಅದೇ ಎಳೆತ, ಅದೇ ಗದರಿಕೆ. ಅತ್ತೆ ಒಲೆಯ ಮೇಲಿನ ಸಾರು ಬಿಟ್ಟು ಬಂದು ಬಾಗಿಲಲ್ಲಿ ನಿಂತು ನಕ್ಕರು, ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸಾರು ತಳ ಹಿಡಿಯಿತು. ತ್ಯಾಗಮಯಿ, ಸಾಗರ, ಧರಿತ್ರಿಗಳನ್ನು ನಾನೇ ಹುಡುಕಿ ಹೊಡೆದುಹಾಕಿದೆ. "ಬೋರರ್ ಹೋಯ್ತು" ಎಂದು ಮಾವ ಸಮಾಧಾನಪಟ್ಟರು. ಪುಸ್ತಕ ತಿಥಿಗೆ ಸರಿಯಾಗಿ ಬಂತು. ಓದಿದವರೆಲ್ಲ ಅಮ್ಮ ಎದುರಿಗೇ ಕೂತು ಬೈದ ಹಾಗಾಯಿತು ಎಂದರು.

ಮುಂದಿನ ಸಲ ಹೋದಾಗ ಮಾವ ತೋಟದಲ್ಲಿದ್ದರು. ಸುಮ್ಮನೆ ಅವರ ಕಂಪ್ಯೂಟರಿನಲ್ಲಿ ಅಮ್ಮನ ಪುಸ್ತಕ ತೆರೆದೆ. ಪ್ರತಿ ಪುಟಕ್ಕೂ ಗುರುತು ಹಾಕುವ ಮಹಾರಾಯರು ಅದರಲ್ಲಿ ಒಂದೇ ಒಂದು ಗುರುತು ಹಾಕಿದ್ದರು. ಒತ್ತಿದೆ. ಮಾವ ಯಾವ ಹೊತ್ತಿನಲ್ಲಿ ನಮ್ಮ ಮನೆಗೆ ಬಂದರೂ ಅಮ್ಮ ಒಳಗಿನಿಂದಲೇ ಕೂಗುತ್ತಿದ್ದ ಮಾತಿನ ಪುಟ ತೆರೆದುಕೊಂಡಿತು. "ಬಂದ್ಯೇನೋ? ಕಾಲ್ ತೊಳ್ಕೊಂಡ್ ಬಾ, ಅನ್ನ ಇಕ್ತೀನಿ."

ಆ ಗುರುತಿಗೆ ಮಾವ ಕೊಟ್ಟಿದ್ದ ಹೆಸರು ನೋಡಿದೆ. ಒಂದೇ ಬೆರಳಿನಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದ್ದರು. 'ಬಂದೆ ಅಕ್ಕ' ಎಂದಿತ್ತು.