ಮಾವನ ಕೊಳದ ಕಪ್ಪು ಚುಕ್ಕೆ

ಒಂದು ಕಪ್ಪು ಚುಕ್ಕೆ ಕಾಣಿಸಲಿಲ್ಲ ಎಂಬ ಕಾರಣಕ್ಕೆ ಕೊಳದ ನೀರನ್ನೆಲ್ಲ ಖಾಲಿ ಮಾಡಿಸಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ. ಒಂದು ಸಲ ಸಾಲದೆಂದು ಮತ್ತೊಂದು ಸಲವೂ ಮಾಡಿಸಿದರು. ಅಷ್ಟಾದರೂ ಅವರಿಗೆ ತಲೆ ಸರಿಯಿಲ್ಲ ಎಂದು ಯಾರೂ ಹೇಳಲಿಲ್ಲ. ನಮ್ಮ ತಲೆಯೇ ಸರಿಯಿಲ್ಲವೇನೋ ಎಂದು ಅನುಮಾನಪಡುತ್ತ ಕೂತೆವು!

ಮಾವ ಇರುವುದು ಸೊರಬದ ಕಡೆ, ಹೊಸಬಾಳೆಯಲ್ಲಿ. ಅತ್ತೆಯ ಮಂಡಿ ಸವೆದಿದೆ, ಸೊಂಟಮಟ್ಟದ ನೀರಿನಲ್ಲಿ ದಿನಾ ನಡೆದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದೇ ತಡ, ಮಾವ ಹಿತ್ತಲಲ್ಲಿ ಈಜುಕೊಳವನ್ನೇ ಕಟ್ಟಿಸಿಬಿಟ್ಟರು. "ಅಲ್ರೀ, ಕೃಷಿ ಹೊಂಡಕ್ಕೆ ಟೈಲ್ಸ್ ಯಾಕ್ ಹಾಕ್ಸಿದ್ರಿ?" ಎಂದು ಕೇಳಿದವರೇ ಹೆಚ್ಚು. ಪಕ್ಕದ ಹೊಲದವರಿಗಂತೂ ಇದನ್ನು ಪಹಣಿಯಲ್ಲಿ ಒಣಭೂಮಿಯ ಖುಷ್ಕಿ ಎಂದು ಬರೆಸಬೇಕೋ ನೀರಾವರಿಯ ತರಿ ಎಂದು ಬರೆಸಬೇಕೋ ಎಂಬ ಚಿಂತೆ. ಸೀರೆ ಬಿಟ್ಟು ಬೇರೆ ಉಟ್ಟೇ ಗೊತ್ತಿಲ್ಲದ ಅತ್ತೆ, ನೀರಿಗಿಳಿಯಲೆಂದು ಚೂಡಿದಾರ ಹೊಲಿಸಿಕೊಂಡು, ಅದನ್ನು ಮಡಿಸಿಟ್ಟು ಕಾದರು.

ಕಾದೇ ಕಾದರು. ಯಾಕೆಂದರೆ ನಡುವೆ ಸ್ಟೆಬಿಲೈಜರ್ ಬಂತು!

ಇದು ಫ್ರಿಜ್ಜಿನ ಪಕ್ಕ ಗುಂಯ್‌ಗುಡುವ ಡಬ್ಬಿಯಲ್ಲ, ಒಂದು ಬಿಳಿ ಪುಡಿ. ನೀರು ಕೆಡದಿರಲಿ ಎಂದು ಕ್ಲೋರಿನ್ ಹಾಕುತ್ತಾರಲ್ಲ, ಅದನ್ನು ನಮ್ಮ ಬಿಸಿಲು ಮಧ್ಯಾಹ್ನದೊಳಗೆ ತಿಂದು ಮುಗಿಸುತ್ತದೆ. ಈ ಪುಡಿ ಕ್ಲೋರಿನ್ನಿಗೆ ಕೊಡೆ ಹಿಡಿಯುತ್ತದೆ. ಕಡಿಮೆಯಾದರೆ ಕ್ಲೋರಿನ್ ಉಳಿಯುವುದಿಲ್ಲ. ಹೆಚ್ಚಾದರೆ ಕ್ಲೋರಿನ್ ಇದ್ದೂ ಕೆಲಸ ಮಾಡುವುದಿಲ್ಲ. ಹೆಚ್ಚಾದದ್ದನ್ನು ಇಳಿಸಬೇಕೆಂದರೆ ನೀರು ಚೆಲ್ಲಿ ಹೊಸದು ತುಂಬಬೇಕು. ನಿಮಗೆ ಅರ್ಥವಾಯಿತೇ? ನನಗೂ ಪೂರ್ತಿ ಆಗಿಲ್ಲ, ಮುಂದೆ ಹೋಗೋಣ.

ಪುಡಿಯನ್ನು ಸಾಕ್ಸಿಗೆ ತುಂಬಿ ನೀರಿನಲ್ಲಿ ಇಳಿಬಿಡಿ, ಕರಗಿದ ಮೇಲೂ ಒಂದು ವಾರ ಸುಮ್ಮನಿರಿ ಎಂದು ಕೊಳ ಕಟ್ಟಿದವನು ಹೇಳಿ ಹೋಗಿದ್ದ. ಮಾವ ಮದುವೆಯ ದಿನ ಹಾಕಿದ್ದ ಸಾಕ್ಸನ್ನು ಟ್ರಂಕಿನಿಂದ ತೆಗೆದರು. ಅವರ ಜೀವನದಲ್ಲಿದ್ದ ಸಾಕ್ಸ್ ಅದೊಂದೇ ಜೊತೆ. ಮರುದಿನ ಬೆಳಗ್ಗೆ ನೋಡಿದರೆ ಸಾಕ್ಸ್ ತಂತಿಯ ಮೇಲಿದೆ! ಮನೆಗೆಲಸದಾಕೆ ಬಲು ಸಂತೋಷದಿಂದ ವರದಿ ಒಪ್ಪಿಸಿದಳು: "ನೀರಿಗೆ ಬಿದ್ದಿತ್ತು ನೋಡ್ರೀ. ಒಳಗಿದ್ದ ಮಣ್ಣೆಲ್ಲ ಕೊಡವಿ, ಹಿಂಡಿ ಒಣಗ್ಹಾಕೀನಿ." ಮಾವ ಟ್ರಂಕಿನಿಂದ ಇನ್ನೊಂದು ಸಾಕ್ಸ್ ತೆಗೆದರು.

ಪುಡಿ ಎಷ್ಟು ಕರಗಿದೆ ಎಂದು ನೋಡುವ ಪರೀಕ್ಷೆ ಇನ್ನೂ ವಿಚಿತ್ರ. ಕೊಳದ ನೀರಿಗೆ ಒಂದು ದ್ರಾವಣ ಬೆರೆಸಿದರೆ, ಪುಡಿ ಎಷ್ಟಿದೆಯೋ ಅಷ್ಟು ಬೆಳ್ಳಗಾಗುತ್ತದೆ. ಅದನ್ನು ತಳದಲ್ಲಿ ಕಪ್ಪು ಚುಕ್ಕೆಯಿರುವ ಕೊಳವೆಗೆ ನಿಧಾನವಾಗಿ ಹೊಯ್ಯುತ್ತ ಮೇಲಿನಿಂದ ಇಣುಕಬೇಕು. ಚುಕ್ಕೆ ಬೇಗ ಮಾಯವಾದರೆ ಪುಡಿ ಹೆಚ್ಚು. ಕೊಳವೆ ತುಂಬಿದರೂ ಕಾಣುತ್ತಿದ್ದರೆ ಕಡಿಮೆ. ವಾರ ಕಳೆದ ಮೇಲೆ ಮಾವ ಒಂದು ಚೂರು ಹೊಯ್ಯುವಷ್ಟರಲ್ಲೇ ಕೂಗಿದರು: "ಹೋಯ್ತು! ವಿಪರೀತ ಹೆಚ್ಚಾಗೈತೆ. ಈ ನೀರಿಗೆ ನಿನ್ನ ಇಳಿಸಂಗಿಲ್ಲ ಮಾರಾಯ್ತಿ!"

ಅತ್ತೆ ಕುರ್ಚಿಯಲ್ಲಿ ಮಂಡಿ ನೀವಿಕೊಳ್ಳುತ್ತ ನಿಟ್ಟುಸಿರು ಬಿಟ್ಟರು. ನೀರು ತೆಂಗಿನ ಸಸಿಗಳಿಗೆ ಹೋಯಿತು. ಹೊಸ ನೀರು ಬಂತು. ಅದು ಬಿಸಿಲಿಗೆ ಪಾಚಿಗಟ್ಟಿ ಹಸಿರಾಯಿತು. ಪರೀಕ್ಷೆ ಮಾಡಿದರೆ ಚುಕ್ಕೆ ಮತ್ತೆ ಮಾಯ! ಪುಡಿಯನ್ನೇ ಹಾಕದ ನೀರಿನಲ್ಲಿ ಪುಡಿ ಹೆಚ್ಚಾಗುವುದು ಹೇಗೆ? ಬೋರ್‌ವೆಲ್ಲಿನಲ್ಲೇ ಇದೆಯೇ? ತೆಂಗಿನ ಸಸಿಗಳು ವಾಪಸು ಕಳಿಸುತ್ತಿವೆಯೇ? ಮಾವ ಆ ನೀರನ್ನೂ ಖಾಲಿ ಮಾಡಿಸಿ ಹೊಸದು ತುಂಬಿಸಿದರು.

ಅಲ್ಲಿಂದ ಮುಂದೆ ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಕೊಳವೆ. ಜಡೆ ಊರಿನ ಬೀಗರು ಲಗ್ನಪತ್ರಿಕೆ ಕೊಡಲು ಬಂದಿದ್ದರು.

"ಚುಕ್ಕೆ ಕಾಣ್ತದೇನ್ರೀ?" ಎಂದರು ಮಾವ.

"ನಿಮಗೆ?"

"ನಂಗೆ ಕಾಣಂಗಿಲ್ಲಪ್ಪ."

"ಹಂಗಾದ್ರೆ ನಮಗೂ ಕಾಣಲ್ಲ ಬಿಡ್ರಿ."

ಪತ್ರಿಕೆ ಕೈಯಲ್ಲಿ ಹಿಡಿದುಕೊಂಡು ಹಿರಿಯರ ಮಾತಿಗೆ ಎದುರಾಡುತ್ತಾರೆಯೇ? ಚಂದ್ರಗುತ್ತಿಗೆ ಹೋಗಿ ಬರುತ್ತಿದ್ದ ನೆಂಟರೂ ಇಣುಕಿ, "ಹೌದೌದು, ಇಲ್ಲ" ಎಂದು ಕೈಮುಗಿದು ಹೋದರು. ಅತ್ತೆಗೊಬ್ಬರಿಗೆ ಮಾತ್ರ ಮಾವ ಕೊಳವೆ ತೋರಿಸುತ್ತಿರಲಿಲ್ಲ. ಕೇಳಿದರೆ, "ಅವಳಿಗೆ ಇದೆಲ್ಲ ತಿಳಿಯಲ್ಲ" ಎನ್ನುತ್ತಿದ್ದರು. ನಿಜವೇನೆಂದರೆ, ಮದುವೆಯಾದ ದಿನದಿಂದ ಅತ್ತೆ ಅವರ ಮಾತಿಗೆ ಸುಮ್ಮನೆ ಹೂಂಗುಟ್ಟಿದವರಲ್ಲ.

ನನ್ನ ಸರದಿಯೂ ಬಂತು. ಇಣುಕಿದೆ. ಕೊಳವೆ ಕಂಠಮಟ್ಟ ತುಂಬಿದರೂ ಚುಕ್ಕೆ ಢಾಳಾಗಿ ಕಾಣುತ್ತಿದೆ! ಆದರೆ ಇಷ್ಟು ಜನ ಹಿರಿಯರಿಗೆ ಕಾಣದ ಚುಕ್ಕೆ ನನಗೊಬ್ಬನಿಗೇ ಯಾಕೆ ಕಾಣಬೇಕು? "ಹೌದು ಮಾವ, ಇಲ್ಲ" ಎಂದವನೇ ಶಿಕಾರಿಪುರಕ್ಕೆ ವಾಪಸು ಬಂದು ಸೀದಾ ಕಣ್ಣಿನ ಡಾಕ್ಟರ ಹತ್ತಿರ ಹೋದೆ.

"ಏನ್ರೀ ತೊಂದ್ರೆ?"

"ಇಲ್ಲದ ಚುಕ್ಕೆ ಕಾಣ್ತದೆ ಡಾಕ್ಟ್ರೇ."

ಡಾಕ್ಟರು ದೀಪ ಬಿಟ್ಟು, ಹನಿ ಹಾಕಿ, ಅಕ್ಷರ ಓದಿಸಿ, ಕೊನೆಗೆ ಕೊಳದ ಕಥೆಯನ್ನೆಲ್ಲ ಕೇಳಿ ನಕ್ಕುಬಿಟ್ಟರು. ನಾನೂ ನಕ್ಕೆ. "ನಿಮ್ ಕಣ್ಣು ಬೇಷಾಗೈತ್ರೀ. ಆ ಚುಕ್ಕೆ ಮೊದಲು ಯಾರಿಗೆ ಕಾಣಲಿಲ್ಲ? ಅವರಿಗೆ ವಯಸ್ಸೆಷ್ಟು?"

ನನ್ನ ನಗು ಅಲ್ಲೇ ನಿಂತಿತು.

ಮರುದಿನ ಬೆಳಗ್ಗೆಯೇ ಹೊಸಬಾಳೆಗೆ ಹೋದೆ. ಮಾವ ಆಗಷ್ಟೇ ಹೊಸ ನೀರಿಗೆ ಕ್ಲೋರಿನ್ ಹಾಕಿ, ಕೊಳವೆ ಹಿಡಿದು ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಅತ್ತೆ ಇದ್ದರು. ಹೇಗೆ ಹೇಳುವುದು? "ಮಾವ, ಚುಕ್ಕೆ ಇದೆ. ಆವತ್ತೂ ಇತ್ತು. ನೀವು ಇಲ್ಲ ಅಂದ್ರಿ ಅಂತ ನಾವೆಲ್ಲ ಇಲ್ಲ ಅಂದ್ವಿ" ಎಂದುಬಿಟ್ಟೆ.

ಮಾವ ನನ್ನ ಮುಖವನ್ನೇ ನೋಡಿದರು. ಆಮೇಲೆ ಕೊಳವೆಯನ್ನು ಮೊಟ್ಟಮೊದಲ ಬಾರಿಗೆ ಅತ್ತೆಯ ಕೈಗೆ ಕೊಟ್ಟರು. "ನೀನು ನೋಡು."

ಅತ್ತೆ ಇಣುಕಿದರು. "ಐತಲ್ರೀ, ಕಪ್ಪಗೆ. ಇದು ಕಾಣ್ಸಲ್ವಾ ನಿಮಗೆ?"

ಕಣ್ಣಿಗೆ ಪೊರೆ ಬಂದಿರಬೇಕು, ಸಣ್ಣ ಆಪರೇಷನ್ನು, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಬಡಬಡಿಸುತ್ತಲೇ ಇದ್ದೆ. ಮಾವ ಕೇಳಿಸಿಕೊಂಡಂತೆ ಕಾಣಲಿಲ್ಲ. ಅತ್ತೆಯ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಹಂಗಾದ್ರೆ ನಿನ್ನ ಮುಖ ಮಂಕಾಗಿ ಕಾಣ್ತಿದ್ದದ್ದೂ ಇದಕ್ಕೇ ಏನೇ? ನೋವು ತಿಂದು ತಿಂದು ಬಾಡಿ ಹೋದೀಯ ಅಂತ ತಿಳಿದು ನಾನು ಈ ಹೊಂಡ ತೋಡಿಸಿದ್ನಲ್ಲೇ."

ನನಗೆ ಅಳು ಬಂತು. ನಗುವುದಕ್ಕೆಂದೇ ಇಷ್ಟು ದಿನ ಈ ಮನೆಗೆ ಬರುತ್ತಿದ್ದವನು ನಾನು!

"ಬಾಡಿಲ್ಲ ರೀ, ಚೆನ್ನಾಗೇ ಇದೀನಿ" ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಕುರ್ಚಿಯ ತೋಳು ಹಿಡಿದು ಎದ್ದರು. ಚೂಡಿದಾರ ಒಳಗೆ ಮಡಿಸಿದ್ದು ಮಡಿಸಿದಂತೆಯೇ ಇತ್ತು. ಉಟ್ಟ ಸೀರೆಯಲ್ಲೇ ಕೊಳದ ಮೊದಲ ಮೆಟ್ಟಿಲ ಹತ್ತಿರ ಹೋಗಿ ನಿಂತು, ಹಿಂದಕ್ಕೆ ಕೈ ಚಾಚಿದರು.

"ಹಿಡ್ಕೊಳ್ರೀ. ಮೆಟ್ಲು ಎಲ್ಲೈತೆ ಅಂತ ನಾ ಹೇಳ್ತೀನಿ, ನಾ ಬೀಳದಂಗೆ ನೀವು ನೋಡ್ಕೊಳ್ರಿ."