ನಾಲ್ಕನೇ ಪದರದ ಮೊಸರು

ಚೆನ್ನೈ ಪಲ್ಲಾವರಂನ ಅಂಬುಜಮ್ಮನವರ ಹಿತ್ತಿಲಲ್ಲಿ ದೊರೆತ ಮೊಸರು ಮೂರು ಸಾವಿರ ವರ್ಷ ಹಳೆಯದೆಂದು ಉತ್ಖನನ ಕಚೇರಿಯು ಈ ಮೂಲಕ ಪ್ರಕಟಿಸಿದೆ.

ಅದಕ್ಕೆ ಅಂಬುಜಮ್ಮ ಹೆಪ್ಪು ಹಾಕಿದ್ದು ಹಿಂದಿನ ದಿನ ಸಂಜೆ.

ನಡೆದದ್ದಿಷ್ಟು. ನೀರಿನ ಸಂಪಿಗಾಗಿ ಹಿತ್ತಿಲು ಅಗೆದರೆ ಹಳೇ ಕಾಲದ ಗೋರಿ, ಮಣ್ಣಿನ ಶವಪೆಟ್ಟಿಗೆ ಸಮೇತ ಸಿಕ್ಕಿತು. ಕಚೇರಿಯವರು ಬಂದು ಗುಂಡಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಅಗೆದು, ಒಂದೊಂದು ಪದರಕ್ಕೂ ಚೀಟಿ ಸಿಕ್ಕಿಸಿದರು. ಮೇಲೆ ಕಸ, ಕೆಳಗೆ ಕೆಂಪು ಮಣ್ಣು, ಅದರ ಕೆಳಗೆ ಮರಳು, ನಾಲ್ಕನೆಯದರಲ್ಲಿ ಗೋರಿ. ಮೇಲೆ ಹಾಲು ಒಡೆಯುವಂಥ ಬಿಸಿಲು. ಗುಂಡಿಯೊಳಗೆ ಹೂಜಿಯ ಹೊಟ್ಟೆಯಂಥ ತಂಪು. ಅಂಬುಜಮ್ಮ ಮೊಸರಿನ ಗಡಿಗೆಯನ್ನು ಒಯ್ದು ಗೋರಿಯ ಪಕ್ಕದಲ್ಲಿಟ್ಟರು. ಸೂತಕದ ಯೋಚನೆ ಬಂತು, ಸುಳ್ಳಲ್ಲ. ಇಷ್ಟು ವರ್ಷಕ್ಕೆ ಕಳೆದಿರುತ್ತೆ ಅಂದುಕೊಂಡರು.

ಬೆಳಗ್ಗೆ ನೋಡಿದರೆ ಗಡಿಗೆಗೂ ಚೀಟಿ. ಅಂಟಿಸಿದವರು ಅಧಿಕಾರಿ ಹರಿದಾಸ, ಚೆನ್ನೈಯಲ್ಲೇ ಹುಟ್ಟಿ ಬೆಳೆದ ಕನ್ನಡದವರು.

“ಅಯ್ಯೋ, ಅದು ನಮ್ಮನೆ ಮೊಸರು ಕಣಪ್ಪಾ!”

“ನಾಲ್ಕನೇ ಪದರದಲ್ಲಿ ಇತ್ತಲ್ಲಮ್ಮಾ? ಪದರಕ್ಕೆ ಎಷ್ಟು ವಯಸ್ಸೋ ಸಾಮಾನಿಗೂ ಅಷ್ಟೇ. ರೂಲ್ಸು.”

“ಗಡಿಗೆ ಮೊನ್ನೆ ಶುಕ್ರವಾರದ ಸಂತೇಲಿ ತಗೊಂಡಿದ್ದು!”

“ಆ ಕಾಲದಲ್ಲೂ ಇಲ್ಲಿ ಸಂತೆ ಇತ್ತು ಅಂತಾಯ್ತು,” ಎಂದು ಹರಿದಾಸ ಖುಷಿಯಿಂದ ಬರೆದುಕೊಂಡರು.

ಅಂಬುಜಮ್ಮನಿಗೆ ಗಡಿಗೆ ಹೋದರೆ ಹೋಗಲಿ. ಒಳಗಿದ್ದದ್ದು ಶ್ರೀರಂಗಪಟ್ಟಣದ ತವರಿನ ಹೆಪ್ಪು. ಹೆತ್ತಮ್ಮ ಕೈಯಾರೆ ಕೊಟ್ಟದ್ದು, ಮದುವೆಯಾಗಿ ಬಂದಂದಿನಿಂದ ಒಂದು ದಿನವೂ ತಪ್ಪಿದ್ದಿಲ್ಲ. ಸಂಜೆಯೊಳಗೆ ಹಾಲು ಕಾಣದಿದ್ದರೆ ಹೆತ್ತಮ್ಮ ಎರಡನೇ ಸಲ ಹೋದ ಹಾಗೆ.

“ಒಂದು ಚಮಚ ಹೆಪ್ಪಾದರೂ ಕೊಡಪ್ಪಾ.”

“ಪ್ರಾಚೀನ ವಸ್ತು, ಹೊರಗೆ ಹೋಗೋ ಹಾಗಿಲ್ಲ.”

“ಹಾಗೇ ಇಟ್ಟರೆ ನಾಳೆಗೆ ಬೂಷ್ಟು ಹಿಡಿಯುತ್ತೆ. ಮೂರು ಸಾವಿರ ವರ್ಷ ಕೆಡದೆ ಇದ್ದದ್ದು ಹರಿದಾಸನ ಕೈಯಲ್ಲಿ ಒಂದೇ ದಿನಕ್ಕೆ ಕೆಟ್ಟಿತು ಅಂತಾರೆ, ನೋಡ್ಕೋ.”

ಹರಿದಾಸ ಎರಡನೇ ಪದರದ ಮೇಲೆ ಕೂತು ಮೇಲಿನವರಿಗೆ ಕಾಗದ ಬರೆದರು. ಸಂಜೆಯೊಳಗೆ ಆದೇಶ ಬಂತು: “ಪ್ರಾಚೀನ ಮೊಸರನ್ನು ದೊರೆತ ಸ್ಥಿತಿಯಲ್ಲಿಯೇ ಸಂರಕ್ಷಿಸತಕ್ಕದ್ದು. ಈ ಸಂಬಂಧ ದಿನವೂ ಹಾಲು ಎರೆಯತಕ್ಕದ್ದು. ಹೆಚ್ಚುವರಿ ಮೊಸರನ್ನು ವಿಲೇವಾರಿ ಮಾಡತಕ್ಕದ್ದು. ಆ ಕಾಲದ ಮೊಸರಿನ ಪರಿಚಯವುಳ್ಳ ಬೇರಾರೂ ಲಭ್ಯವಿಲ್ಲದ ಕಾರಣ, ಸದರಿ ಕಾರ್ಯವನ್ನು ಅಂಬುಜಮ್ಮನವರಿಗೆ ವಹಿಸಲಾಗಿದೆ.”

ಈಗ ದಿನಾ ಸಂಜೆ ಅಂಬುಜಮ್ಮ ಹಾಲಿನ ತಂಬಿಗೆ ಹಿಡಿದು ಕಸ, ಕೆಂಪು ಮಣ್ಣು, ಮರಳು ದಾಟಿ ಇಳಿಯುತ್ತಾರೆ. ಮಧ್ಯಾಹ್ನ ವಿಲೇವಾರಿ. ಇಡೀ ಕಚೇರಿ ಅನ್ನದ ಡಬ್ಬಿ ಹಿಡಿದು ಗೋರಿಯ ಸುತ್ತ ಸಾಲು ನಿಲ್ಲುತ್ತದೆ.

“ಇವತ್ತು ಒಂಚೂರು ಹುಳಿ ಕಣಪ್ಪಾ,” ಎಂದರು ಅಂಬುಜಮ್ಮ ನಿನ್ನೆ.

“ಇರಲಿ ಬಿಡಿ ಅಮ್ಮಾ,” ಹರಿದಾಸ ಡಬ್ಬಿ ಚಾಚಿದರು. “ಎಷ್ಟು ವಯಸ್ಸಾಯ್ತು ಅದಕ್ಕೆ!”